ಪೈಪಿಗೆ ಐದು ಏಟು

ಆರು ಅಂತಸ್ತಿನ ಆ ಕಟ್ಟಡದಲ್ಲಿ ನೀರು ಬಿಡುವವಳನ್ನು ಎಲ್ಲರೂ ಪಂಪಕ್ಕ ಎಂದೇ ಕರೆಯುತ್ತಿದ್ದರು. ಅವಳದೊಂದು ಪದ್ಧತಿ. ಸ್ಪ್ಯಾನರಿನಿಂದ ಪೈಪಿಗೆ ಎರಡು ಏಟು ಹಾಕಿದರೆ ನೀರು ಬಂತು ಎಂದು, ಮೂರು ಹಾಕಿದರೆ ನಿಂತಿತು ಎಂದು. ಆರನೇ ಅಂತಸ್ತಿನವರೆಗೂ ಸದ್ದು ಕೇಳುತ್ತಿತ್ತು.

ಈ ಬಿಸಿಲು ಮಾತ್ರ ಅವಳ ಹೊಟ್ಟೆ ಉರಿಸಿತ್ತು. ಒಂಬತ್ತು ದಿನದಿಂದ ಜನ ದಿನಕ್ಕೆ ಮೂರು ಸಲ ಮಿಂದು ಮಧ್ಯಾಹ್ನದೊಳಗೆ ಮೇಲಿನ ಟ್ಯಾಂಕು ಬರಿದು ಮಾಡುತ್ತಿದ್ದರು. ತುಂಬಿಸೋಣವೆಂದರೆ ಅದೇ ಹೊತ್ತಿಗೆ ಮನೆಮನೆಯಲ್ಲೂ ಎಸಿ. ಕಟ್ಟಡಕ್ಕಿದ್ದದ್ದು ಒಂದೇ ಹಳೆಯ ಲೈನು, ವೋಲ್ಟೇಜು ನೆಲ ಕಚ್ಚುತ್ತಿತ್ತು. ಹೋದ ವಾರ ಅಂಥ ಹೊತ್ತಿನಲ್ಲಿ ಹಾಕಿದ ಮೋಟಾರು ಸುಟ್ಟೇ ಹೋಯಿತು. ಅದನ್ನು ರಿಪೇರಿ ಮಾಡಿಸಿದ ಮೇಲೆ ಕಟ್ಟಡದ ಸಂಘದ ಸೆಕ್ರೆಟರಿ ಮುಖ ಗಂಟಿಕ್ಕಿಕೊಂಡು ಹೇಳಿದ್ದರು: "ಇನ್ನೊಂದ್ ಸಲ ಸುಟ್ರೆ ನೀವು ಬರೋದೇ ಬೇಡ. ಆಟೋಮ್ಯಾಟಿಕ್ ಸ್ವಿಚ್ ಹಾಕಿಸ್ತೀವಿ."

ಇವತ್ತು ಎರಡು ಗಂಟೆಗೆ ಆರನೇ ಅಂತಸ್ತಿನ ಅಜ್ಜಿ ಫೋನು ಮಾಡಿದರು. "ಬೆಳಗ್ಗೆಯಿಂದ ಒಂದ್ ತೊಟ್ಟೂ ಇಲ್ಲ ಮಗಳೇ."

ಪಂಪಕ್ಕ ಕೆಳಗಿನ ತೊಟ್ಟಿಯಿಂದ ಒಂದು ಕೊಡ ಹೊತ್ತು ಕೊಟ್ಟಳು. ಇಪ್ಪತ್ನಾಲ್ಕು ಮನೆಗೂ ಹೊರಲು ಅವಳೇನು ಕತ್ತೆಯೇ? ಇಳಿಯುತ್ತಾ ಒಂದೊಂದೇ ಬಾಗಿಲು ತಟ್ಟಿದಳು. "ಐದು ಏಟು ಕೇಳಿದ್ರೆ ಅರ್ಧ ಗಂಟೆ ಎಸಿ ಆರಿಸಿ. ಆಮೇಲೇ ನೀರು." ಎಲ್ಲರೂ ಹೂಂಗುಟ್ಟಿದರು. ಎರಡನೇ ಅಂತಸ್ತಿನ ಸೆಕ್ರೆಟರಿ ಮನೆಯ ಬಾಗಿಲು ಮಾತ್ರ ತೆರೆಯಲಿಲ್ಲ. ಊಟ ಮುಗಿಸಿ ಗಡದ್ದಾಗಿ ಮಲಗಿದ್ದರು.

ಐದು ಏಟು ಹಾಕಿದಳು. ಮೊದಲೆರಡು ಕಿವಿಗೆ ಬಿದ್ದದ್ದೇ ತಡ, ಅರ್ಧ ಕಟ್ಟಡ ಬಕೆಟ್ ಹಿಡಿದು ನಲ್ಲಿಗೆ ಓಡಿತು.

"ಐದು ಎಣಿಸೋವಷ್ಟು ತಾಳ್ಮೆ ಇಲ್ವೇನ್ರೀ? ಬಕೆಟ್ ಅಲ್ಲ, ಎಸಿ!" ಎಂದು ಅಂಗಳದಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿ, ಮತ್ತೆ ಐದು ಏಟು ಹಾಕಿದಳು, ನಿಧಾನವಾಗಿ.

ಒಂದೊಂದೇ ಎಸಿ ಸುಮ್ಮನಾಯಿತು. ಎರಡನೇ ಅಂತಸ್ತಿನದೊಂದು ಮಾತ್ರ ಗುರುಗುಡುತ್ತಲೇ ಇತ್ತು. ವೋಲ್ಟೇಜು ಮೀಟರಿನ ಮುಳ್ಳು ನೂರಾ ತೊಂಬತ್ತಕ್ಕೆ ನಿಂತಿತು. ಮೋಟಾರಿಗೆ ಇನ್ನೂರು ಬೇಕು. ಪಂಪಕ್ಕನ ಕೈ ಸ್ವಿಚ್ಚಿನವರೆಗೆ ಹೋಗಿ ಹಿಂದೆ ಬಂತು. ಹಾಕಿದರೆ ಕೆಲಸ ಹೋದೀತು, ಹಾಕದಿದ್ದರೆ ಅಷ್ಟೂ ಮನೆ ಒಣಗೀತು. ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು.

ಆಗ ಮೇಲಿನಿಂದ ಟಣ್ ಟಣ್ ಎಂದು ಐದು ಏಟು ಕೇಳಿಸಿತು. ಅಜ್ಜಿ ಊರುಗೋಲಿನಿಂದ ಪೈಪಿಗೆ ಹೊಡೆಯುತ್ತಿದ್ದರು. ನಾಲ್ಕನೇ ಅಂತಸ್ತಿನಿಂದ ಯಾರೋ ಸೌಟು ಹಿಡಿದರು, ಮೂರರಿಂದ ಇನ್ಯಾರೋ. ಇಡೀ ಕಟ್ಟಡ ಐದೈದು ಏಟು ಹೊಡೆಯತೊಡಗಿತು. ಆ ಗದ್ದಲಕ್ಕೆ ಸತ್ತವರೂ ಎದ್ದು ಕೂರಬೇಕು. ಕೊನೆಯ ಎಸಿ ನಿಂತಿತು.

ಮುಳ್ಳು ಇನ್ನೂರ ಹತ್ತು ಮುಟ್ಟಿತು. ಮೋಟಾರು ಮುಲುಕದೆ ಹೊರಟಿತು. ಪಂಪಕ್ಕ ಎರಡು ಏಟು ಹಾಕಿ ಕಾದಳು. ಕಾಲು ಗಂಟೆಯ ನಂತರ ಆರನೇ ಅಂತಸ್ತಿನಿಂದ ಎರಡು ಏಟು ಮರಳಿ ಬಂದವು.

ಸೆಕ್ರೆಟರಿ ಬೆವರು ಒರೆಸಿಕೊಳ್ಳುತ್ತಾ ಕೆಳಗಿಳಿದು ಬಂದರು. "ನಾಳೆ ಎಷ್ಟೊತ್ತಿಗೆ ಹೊಡೀತೀರಾ, ಪಂಪಕ್ಕ? ಅಷ್ಟರಲ್ಲಿ ಏಳ್ತೀನಿ."

"ಯಾಕೆ ಸರ್, ಆಟೋಮ್ಯಾಟಿಕ್ ಬರಲ್ವಾ?"

"ಅದಕ್ಕೆ ಬಾಗಿಲು ತಟ್ಟಿ ಎಸಿ ಆರಿಸಿ ಅನ್ನೋಕೆ ಬರುತ್ತೇನ್ರೀ?" ಎಂದರು ಸೆಕ್ರೆಟರಿ.