ತಂಗಮಣಿಗಿಂತ ವಾಸಿ

ಅಮ್ಮನ ಕಾಲ್ಬೆರಳಿನ ಹುಣ್ಣು ಓಣಂಗಿಂತ ಮೊದಲೇ ಆಗಿದ್ದು. ಹಬ್ಬ ಕಳೆದು ಎಷ್ಟೋ ದಿನವಾದರೂ ಒಣಗಲಿಲ್ಲ. ಆಸ್ಪತ್ರೆಗೆ ಹೋಗೋಣ ಎಂದರೆ ಒಂದೇ ಉತ್ತರ: "ತಂಗಮಣೀನ ನೋಡು. ಅವಳ ಶುಗರ್ ಮುಂದೆ ನಂದೇನು ಮಹಾ? ಗೋಡೆ ಹಿಡ್ಕೊಂಡು ನಡೀತಾಳೆ ಪಾಪ."

ಕೊಲ್ಲಂನ ಗೇರುಬೀಜದ ಕಾರ್ಖಾನೆಯಲ್ಲಿ ಅಮ್ಮ, ನಾನು ಚೇಚಿ, ಅಂದರೆ ಅಕ್ಕ, ಎಂದು ಕರೆಯುವ ತಂಗಮಣಿ ಇಬ್ಬರೂ ಅಕ್ಕಪಕ್ಕ ಕೂತು ಬೀಜ ಒಡೆಯುತ್ತಾರೆ. ಸಿಪ್ಪೆಯ ಎಣ್ಣೆ ಸುಡದಿರಲೆಂದು ಕೈಗೆ ಬೂದಿ ಬಳಿದುಕೊಳ್ಳುವುದು ವಾಡಿಕೆ. ಅಮ್ಮ ಅದನ್ನೇ ಹುಣ್ಣಿಗೂ ಒತ್ತುತ್ತಿದ್ದಳು. "ಕೈ ಕಾಯೋ ಬೂದಿ ಕಾಲು ಕಾಯಲ್ವಾ?" ಎಲ್ಲರ ಕೈಯೂ ಕಪ್ಪಗಿರುವ ಜಾಗದಲ್ಲಿ ಒಂದು ಕಾಲ್ಬೆರಳು ಕಪ್ಪಗಿದ್ದರೆ ಯಾರಿಗೆ ಕಾಣಬೇಕು? ನಾನು ಒಳಕೋಣೆಯಲ್ಲಿ ತಿರುಳಿನ ಮೇಲಿನ ಪೊರೆ ಸುಲಿಯುವವಳು. ನನ್ನ ಮಾತು ಕಡಿಮೆ. ಇದ್ದ ಮಾತೆಲ್ಲ ಅಮ್ಮನ ಕಾಲಿಗೇ ಮುಗಿದುಹೋಗಿತ್ತು.

ಒಂದು ದಿನ ಊಟದ ಹೊತ್ತಿಗೆ ಚೇಚಿ ಮರಗೆಣಸನ್ನು ಮತ್ತೆ ಮತ್ತೆ ಹಾಕಿಕೊಂಡರು. ಮಾತ್ರೆ ತಗೊಂಡ್ರಾ ಎಂದು ಕೇಳಿದೆ.

"ಮಾತ್ರೆ ಯಾಕೆ ಮಗಳೇ? ನಿಮ್ಮಮ್ಮನಷ್ಟು ಕೆಟ್ಟಿಲ್ಲ ನಂದು. ಅವಳು ಕುಂಟೋದು ನೋಡಿದ್ರೆ ಅಯ್ಯೋ ಪಾಪ ಅನ್ಸತ್ತೆ."

ಕೈ ತೊಳೆಯುತ್ತಿದ್ದ ಅಮ್ಮ ಗರ್ರನೆ ತಿರುಗಿದಳು. "ಯಾರೇ ಪಾಪ? ಗೋಡೆ ಹಿಡ್ಕೊಂಡು ನಡೆಯೋಳು ನೀನು!"

"ಗೋಡೆ ನೆಟ್ಟಗಿದೆ, ಹಿಡ್ಕೋತೀನಿ. ನಿನ್ನ ಕಾಲು ನೆಟ್ಟಗಿದ್ಯಾ?"

"ಬಾ ಆಸ್ಪತ್ರೆಗೆ! ಯಾರು ಪಾಪ ಅಂತ ಡಾಕ್ಟ್ರೇ ಹೇಳ್ಲಿ."

ನಾನು ಕಾಲು ಹಿಡಿದು ಬೇಡಿದರೂ ಆಗದ ಕೆಲಸ ಆ ಒಂದು 'ಪಾಪ'ದಿಂದ ಆಯಿತು. ಮರುದಿನ ಇಬ್ಬರೂ ಜಗಳವಾಡುತ್ತಲೇ ಬಸ್ ಹತ್ತಿದರು, ಹಿಂದೆ ನಾನೂ ಹತ್ತಿದೆ.

ನರ್ಸ್ ಬೂದಿ ತೊಳೆದಳು. ತೊಳೆದ ಮೇಲೂ ಬೆರಳು ಕಪ್ಪಗೇ ಇತ್ತು.

"ಬೆರಳು ತೆಗೀಬೇಕು," ಎಂದರು ಡಾಕ್ಟರು. "ಇವತ್ತೇ ಸೇರ್ಕೊಳ್ಳಿ. ತಡ ಮಾಡಿದ್ರೆ ಪಾದಾನೇ ಹೋಗತ್ತೆ."

ಚೇಚಿ ತಾವೇ ಹೋಗಿ ಶುಗರ್ ಪರೀಕ್ಷೆಗೆ ರಕ್ತ ಕೊಡಲು ಸಾಲಿನಲ್ಲಿ ನಿಂತರು. ಅಮ್ಮ ಮಾತ್ರ ವಾರ್ಡಿನ ಬಾಗಿಲಲ್ಲೇ ನಿಂತು, ಮಂಡಿಯ ಕೆಳಗೆ ಕಾಲಿಲ್ಲದ ಹೆಂಗಸೊಬ್ಬಳನ್ನು ನೋಡಿದಳು. ಅಮ್ಮನ ಮುಖ ಅರಳಿತು.

"ನೋಡೇ, ಇವ್ರಿಗೆ ಹೋಲಿಸಿದ್ರೆ ನಂದು..."

"ಅಮ್ಮಾ! ಯಾರನ್ನೂ ನೋಡ್ಬೇಡ. ನಿನ್ನ ಕಾಲು ನೋಡ್ಕೋ!"

ಇಡೀ ವಾರ್ಡು ನನ್ನತ್ತ ತಿರುಗಿತು. ನಾಚಿಕೆಯಿಂದ ಕಿವಿ ಬಿಸಿಯಾಯಿತು, ಆದರೆ ಬಾಗಿಲು ಬಿಟ್ಟು ಕದಲಲಿಲ್ಲ. ಅಮ್ಮ ಬಗ್ಗಿ ತನ್ನ ಬೆರಳನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ಯಾವ ಮಂಚ?" ಎಂದಳು.

ಮಲಗಿದ ಮೇಲೆ ನನ್ನ ಸೆರಗೆಳೆದು ಪಿಸುಗುಟ್ಟಿದಳು: "ತಂಗಮಣಿ ಶುಗರ್ ಎಷ್ಟು ಬಂತೇ? ನನಗಿಂತ ಜಾಸ್ತಿ ತಾನೇ?"

ನನಗೆ ಗೊತ್ತಿತ್ತು. ಅದನ್ನು ಹೇಳದೆ ಹೊದಿಕೆ ಸರಿಸಿ ಅವಳ ಬೆರಳನ್ನೇ ತೋರಿಸಿದೆ.