ಎದುರುತ್ತರ ಕೊಡದ ರುಕ್ಮವ್ವ

“ಇದಕ್ಕ ಅರಳಿ ಅಂತಾರೇನ, ರಂಡಿ? ಕಣ್ಣು ಎಲ್ಲಿ ಇಟ್ಟಿದ್ದಿ? ಹೇನು ಬಿದ್ದ ತಲಿ ಕಂಡಂಗ ಕಾಣಾಕತ್ತೈತಿ! ಎಲ್ಲಿ ನೋಡಿದ್ರೂ ಕರಿ ಕಸ!”

ಗುರುಸಿದ್ದಯ್ಯ ಸಾವಕಾರರು ಒಂದು ಹಿಡಿ ಅರಳೆ ಎತ್ತಿ ರುಕ್ಮವ್ವನ ಮುಖಕ್ಕೆ ಬೀಸಿ ಒಗೆದರು. ಅರಳೆಗೆ ಪೆಟ್ಟು ಕೊಡುವ ಗುಣವಿಲ್ಲ. ಅದು ಅರ್ಧ ದಾರಿಯಲ್ಲೇ ಮನಸ್ಸು ಬದಲಿಸಿ, ಗಾಳಿಯಲ್ಲಿ ಹೊರಳಿ, ಒಗೆದವರ ಮೀಸೆಯ ಮೇಲೆಯೇ ಬಂದು ಕೂತಿತು. ಹನ್ನೊಂದು ಹೆಂಗಸರು ಅದನ್ನು ಕಂಡರು. ಮೀಸೆಯ ಧಣಿಗೆ ಮಾತ್ರ ಕಾಣಲಿಲ್ಲ. ಇದು ಖರೇ ಕಥೆ; ನಂಬದವರು ಆ ಹನ್ನೊಂದು ಮಂದಿಯನ್ನು ಕೇಳಬಹುದು.

ಹಳೇ ಹುಬ್ಬಳ್ಳಿಯ ಆ ಅರಳೆ ದಾಸ್ತಾನಿನ ವಖಾರದಲ್ಲಿ ಹೆಂಗಸರು ಸಾಲಾಗಿ ಕುಕ್ಕರಗಾಲಲ್ಲಿ ಕೂತು, ಬೀಜ ಬಿಡಿಸುವ ಜಿನ್ನಿನಿಂದ ಬಂದ ಅರಳೆಯಲ್ಲಿ ಉಳಿದ ಎಲೆಚೂರು, ಒಡೆದ ಬೀಜ ಆರಿಸುತ್ತಿದ್ದರು. ನವಿರು ಧೂಳು ಮೂಗಿಗೆ ಹೋಗಬಾರದೆಂದು ತಲೆ, ಮೂಗು, ಬಾಯಿ ಎಲ್ಲವನ್ನೂ ಸೆರಗಿನಿಂದ ಬಿಗಿದುಕೊಳ್ಳುತ್ತಿದ್ದರು. ದೂರದಿಂದ ನೋಡಿದರೆ ಹನ್ನೊಂದು ಮೂಟೆ. ಸಾವಕಾರರಿಗೆ ಹತ್ತಿರದಿಂದಲೂ ಅಷ್ಟೇ.

“ಎರಡು ಸಲ ಆತು,” ಎಂದರು ಅವರು. “ಶುಕ್ರವಾರ ದಲಾಲ ಶಾಂತಯ್ಯ ಬರ್ತಾನ. ಅವನ ಮುಂದ ನಿನ್ನ ಅರಳ್ಯಾಗ ಮತ್ತ ಕಸ ಕಂಡ್ರ, ಹೊರಗ! ಈ ಊರಾಗ ಯಾವ ವಖಾರದಾಗೂ ನಿನಗ ಕುಂದ್ರಾಕ ಜಾಗಾ ಸಿಗಂಗಿಲ್ಲ, ತಿಳೀತೇನ?”

ರುಕ್ಮವ್ವನಿಗೆ ತಿಳಿಯಿತು. ಗಂಡ ಸತ್ತ ವರ್ಷ ಹೆಬ್ಬಳ್ಳಿಯಿಂದ ಬಂದವಳು ಇದೇ ಕಂಬದ ಪಕ್ಕದಲ್ಲಿ ಹನ್ನೆರಡು ವರ್ಷ ಕೂತಿದ್ದಳು. ಅವಳ ಬೆರಳುಗಳಿಗೆ ಇದೊಂದೇ ವಿದ್ಯೆ ಗೊತ್ತಿದ್ದದ್ದು. ಅವಳು ತನ್ನ ಗುಡ್ಡೆಯನ್ನು ಮತ್ತೆ ಕೆದರಿದಳು. ಹಾಲಿನಂತೆ ಬಿಳಿ. ಒಂದು ಎಲೆಚೂರೂ ಇಲ್ಲ.

ಮಧ್ಯಾಹ್ನ ಹಿತ್ತಲ ಸಂದಿಯಲ್ಲಿ ರೊಟ್ಟಿ ಬಿಚ್ಚಿದಾಗ ಸಾಲಿನ ಕೊನೆಯಲ್ಲಿ ಕೂರುವ ಹಾಜರಾಬಿ ಸಾವಕಾರರನ್ನು ಅಣಕಿಸುತ್ತ ಎದ್ದು ನಿಂತಳು. ಹೊಟ್ಟೆ ಮುಂದೆ, ಕಣ್ಣು ಕಿರಿದು, ಕೈ ಗಾಳಿಯಲ್ಲಿ ಚೊಂಬು ಹುಡುಕುತ್ತ: “ನೀರು ತಾರಽ! ಈ ಚೊಂಬಿನಾಗೂ ಕರಿ ಕಸ! ಗ್ವಾಡಿ ಮ್ಯಾಲ ಜಾರ್ಜ ಬಾದಶಾನ ಫೋಟೋ ನೋಡು, ಮೂಗಿನ ಮ್ಯಾಲೂ ಕರಿ ಕಸ! ರುಕ್ಮೀ, ಬಾದಶಾನ ಮೂಗು ಆರಿಸು!”

ಎಲ್ಲರೂ ರೊಟ್ಟಿ ಕೈಯಲ್ಲೇ ಹಿಡಿದು ನಕ್ಕರು. ಸಂದಿಯ ಆ ತುದಿಯಲ್ಲಿ, ಬುಟ್ಟಿ ಕಸಬರಿಗೆ ಕೆಳಗಿಟ್ಟು, ಯಾರಿಗೂ ತಾಕದಷ್ಟು ದೂರದಲ್ಲಿ ನಿಂತಿದ್ದ ಶೇವಂತೆವ್ವ ನಗಲಿಲ್ಲ. ಸಾವಕಾರರ ಮನೆಯ ಪಾಯಖಾನೆ ಬಳಿಯುವವಳು ಅವಳು.

“ಕಸ ಅರಳ್ಯಾಗಿಲ್ಲ ಯವ್ವಾ,” ಎಂದಳು. “ಅವರ ಕಣ್ಣಾಗೈತಿ.”

“ನಿನಗ ಹೆಂಗ ಗೊತ್ತು?”

“ನಾ ಅವರ ಮಾರಿ ನೋಡಿದಾಕಿ ಅಲ್ಲ. ನೋಡಬಾರದು. ಆದ್ರ ಅವರು ಕುಂತೆದ್ದ ಜಾಗಾ ದಿನಾ ನೋಡತೇನಿ. ಮೂರು ತಿಂಗಳಾತು, ಅಲ್ಲಿ ಇರುವಿ ಸಂತಿ ನೆರದೈತಿ. ನಾ ನೀರು ಹಾಕಿ ಬಳದೆ ಅಂದ್ರ, ಮರುದಿನ ನೆಂಟರನ್ನೂ ಕರಕೊಂಡು ಬರ್ತಾವ. ಮ್ಯಾಲಿನ ಓಣಿ ವಕೀಲರ ಮನ್ಯಾಗೂ ಹಿಂಗಽ ಇತ್ತು. ಮೊದಲ ಇರುವಿ ಬಂದ್ವು. ಆಮ್ಯಾಲ ಕಣ್ಣು ಮಸಕಾದ್ವು. ಆಮ್ಯಾಲ ಕಾಲ್ಬೆರಳು ಕರ್ರಗಾತು. ಈಗ ವಕೀಲರಽ ಇಲ್ಲ. ಉಚ್ಚ್ಯಾಗ ಸಕ್ರಿ ಹೋಗೂ ರೋಗ ಅಂತ, ಡಾಕ್ಟರ ಹೇಳಿದ್ದು ಕೇಳೇನಿ.”

“ಯಾ ಅಲ್ಲಾ!” ಎಂದಳು ಹಾಜರಾಬಿ. “ಹಂಗಾರ ಇವ ಸಾವ್ಕಾರ ಅಲ್ಲ ಬಿಡು. ಸಕ್ರಿಕಾರ!”

ಮತ್ತೆ ನಗು. ರುಕ್ಮವ್ವ ಮಾತ್ರ ರೊಟ್ಟಿ ಮಡಿಚಿಟ್ಟಳು. “ಯಾರರ ಹೇಳಬೇಕಲ್ಲ. ಅವನೂ ಮನಷ್ಯಾ ಅದಾನ.”

“ನೀ ಹೇಳು,” ಎಂದಳು ಶೇವಂತೆವ್ವ. “ನಾ ಹೇಳಿದ್ರ ನಾಲಿಗಿ ಕಿತ್ತು ನನ್ನ ಬುಟ್ಟಿಗೇ ಹಾಕ್ತಾರ.”

ಸಾವಕಾರರು ಗಾದಿಯ ಮೇಲೆ ಪೇಡೆಯ ಪೊಟ್ಟಣ ಬಿಚ್ಚಿಕೊಂಡು ಕೂತಿದ್ದರು. ಅರಳೆಯ ವ್ಯಾಪಾರದಲ್ಲಿ ಅರ್ಧ ಆಯುಷ್ಯ ಕಳೆದರೂ ಅವರ ಕಣ್ಣು ಮಾತ್ರ ಎಂದೂ ಪೂರ್ತಿ ಅರಳಿದ್ದಿಲ್ಲ. ಈಗಂತೂ ಪೊಟ್ಟಣವನ್ನೇ ಬೆರಳಿನಿಂದ ತಡವಿ ಗುರುತು ಹಿಡಿಯುತ್ತಿದ್ದರು. ರುಕ್ಮವ್ವ ಹೊಸ್ತಿಲ ಹೊರಗೆ ನಿಂತು, ಹೇಗೆ ಹೇಳಿದರೆ ಸಿಟ್ಟು ಬರಲಿಕ್ಕಿಲ್ಲ ಎಂದು ಯೋಚಿಸಿ ಯೋಚಿಸಿ, ಕೊನೆಗೆ ಇದ್ದದ್ದನ್ನು ಇದ್ದಂತೆ ಹೇಳಿದಳು: ಇರುವೆ, ನೀರಡಿಕೆ, ಮಸಕು, ವಕೀಲರ ಕಾಲ್ಬೆರಳು.

“ಡಾಕ್ಟರ ಹಂತೇಕ ಹೋಗ್ರಿ, ಸಾವ್ಕಾರ್ರ. ಪೇಡೆ ಬಿಡ್ರಿ.”

ಪೇಡೆ ಬಾಯಿಯ ಹತ್ತಿರ ನಿಂತಿತು.

“ನನ್ನ ಉಚ್ಚಿ ನೋಡಾಕ ಆ ಹೊಲಸ ಬಳ್ಯಾಕಿಗೆ ಎಷ್ಟು ಸೊಕ್ಕು! ಇರುವಿ ಮುತ್ತಿದ್ರ ಏನಾತು? ನಾವು ಉಣ್ಣೂದು ಛಲೋ ಉಣ್ತೇವಿ. ನಮ್ಮ ಮನಿತನದ ಉಚ್ಚಿನೂ ಸಿಹಿ! ನೀವು ಹೇತ್ರ ನೊಣಾನೂ ಹಣಕಿ ಹಾಕೂದಿಲ್ಲ!”

ಆಮೇಲೆ ದನಿ ತಗ್ಗಿತು. ತಗ್ಗಿದ ದನಿಯಲ್ಲಿ ಸಿಟ್ಟಿಗಿಂತ ಅಂಜಿಕೆ ಹೆಚ್ಚಿತ್ತು. “ನನ್ನ ಕಣ್ಣಿನ ಸುದ್ದಿ ಪ್ಯಾಟ್ಯಾಗ ಹೋತು ಅಂದ್ರ ನಿನ್ನ ಸೀಳಿ ಹಾಕ್ತೇನಿ. ಅರಳಿ ನೋಡಿ ದರ ಹೇಳಾಂವ ನಾ. ಕಣ್ಣಽ ಇಲ್ಲಂದ್ರ ಯಾವ ದಲಾಲ ನನ್ನ ಗಾದಿ ಹತ್ತತಾನ?”

ಶಿಕ್ಷೆ ಅಲ್ಲೇ ಆಯಿತು. ರುಕ್ಮವ್ವ ಕಿವಿ ಹಿಡಿದುಕೊಂಡು ಒಬ್ಬೊಬ್ಬ ಹೆಂಗಸಿನ ಮುಂದೆ ನಿಂತು, ‘ನನ್ನ ಕಣ್ಣು ಕುರುಡ, ಸಾವ್ಕಾರ್ರ ಕಣ್ಣು ಚುರುಕ’ ಎನ್ನಬೇಕು. ಹತ್ತು ಗುಡ್ಡೆ, ಹತ್ತು ಸಲ. ಐವತ್ತು ದಾಟಿದ ಹೆಂಗಸು, ಕೂದಲಲ್ಲಿ ಅರಳೆಯೋ ನರೆಯೋ ಹೇಳಲಾಗದು, ಕಿವಿ ಹಿಡಿದು ನಡೆದಳು. ನಾಲ್ಕನೆಯವಳ ಮುಂದೆ ಹೆಗಲಿಗೆ ಕಣ್ಣೊರೆಸಿಕೊಂಡಳು. ಹತ್ತನೆಯವಳು ಹಾಜರಾಬಿ.

“ಕೇಳಸಲಿಲ್ಲಽ, ಹೊಳ್ಳಿ ಹೇಳು,” ಎಂದಳು ಅವಳು, ಸೆರಗಿನ ಮರೆಯಿಂದ ಕಣ್ಣು ಹೊಡೆದು. “ಯಾರದು ಕುರುಡ ಅಂದಿ?”

ರುಕ್ಮವ್ವ ಅವಳನ್ನು ನೋಡಿದಳು. ಕಿವಿ ಬಿಟ್ಟಳು. ಅವಳ ಕಣ್ಣಲ್ಲಿ ನೀರು ಇದ್ದಂತೆಯೇ ಏನೋ ಮಿಂಚಿತು.

“ಶುಕ್ರವಾರ ನೋಡೂಣಂತ,” ಎಂದಳು.

ಶುಕ್ರವಾರ ಬೆಳಿಗ್ಗೆ, ರೈಲ್ವೆ ಕಾರಖಾನೆಯ ಭೋಂಗಾ ಕೂಗುವ ಹೊತ್ತಿಗೆ, ಕಂಬದ ಪಕ್ಕದಲ್ಲಿ ರುಕ್ಮವ್ವ ಎಂದಿನಂತೆ ಕೂತಿದ್ದಳು. ಅಂದರೆ, ರುಕ್ಮವ್ವನ ಹಳೇ ಸೀರೆ ಕೂತಿತ್ತು. ಒಳಗೆ ಎದೆಯೆತ್ತರಕ್ಕೆ ಅವಳೇ ಆರಿಸಿದ ಅರಳೆ. ಮೇಲೆ ತಲೆಯಾಗಿ ಬೋರಲು ಹಾಕಿದ ಬುಟ್ಟಿ. ಬುಟ್ಟಿಗೆ ಬಿಗಿಯಾಗಿ ಸೆರಗು. ಹಾಜರಾಬಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಬೆನ್ನನ್ನು ಇನ್ನಷ್ಟು ಬಗ್ಗಿಸಿದಳು. “ಈಗ ಖರೇ ನೀನಽ,” ಎಂದಳು. ಖರೇ ರುಕ್ಮವ್ವ ಬಾಗಿಲ ಬಳಿ ಅರಳೆ ತುಂಬಿದ ಅಂಡಿಗೆಗಳ ಸಾಲಿನ ಹಿಂದೆ ನಿಂತಳು. ಉಳಿದವರು ಮುಖ ಬಿಗಿದು ತಲೆ ತಗ್ಗಿಸಿದರು.

ಸಾವಕಾರರು ದಲಾಲ ಶಾಂತಯ್ಯನನ್ನು ಕರೆದುಕೊಂಡು ಬಂದರು. ಶಾಂತಯ್ಯ ಒಣಕಲು ಮನುಷ್ಯ. ಮಾತು ಕಡಿಮೆ, ನೋಟ ಜಾಸ್ತಿ.

“ರುಕ್ಮೀ! ಎಲ್ಲಿ, ಅರಳಿ ತೋರಸು!”

ಬುಟ್ಟಿ ಮಾತಾಡಲಿಲ್ಲ.

“ಮೊನ್ನೆ ಭಾಳ ಮಾತಾಡಿದ್ದಿ. ಈಗ ನಾಲಿಗಿ ಬಿದ್ದು ಹೋತೇನು?”

ಬುಟ್ಟಿ ಆಗಲೂ ಮಾತಾಡಲಿಲ್ಲ. ಸಾವಕಾರರ ಮುಖ ನಿಧಾನವಾಗಿ ಹಿಗ್ಗಿತು. ಅವರು ಶಾಂತಯ್ಯನ ಕಡೆ ತಿರುಗಿದರು.

“ನೋಡ್ರಿ ಶಾಂತಯ್ಯನವರ, ಕೆಲಸದಾಕಿ ಅಂದ್ರ ಹಿಂಗಿರಬೇಕು. ಒಂದಽ ಒಂದು ಪಾಠ ಕಲಿಸಿದೆ. ತಲಿ ಎತ್ತೂದಿಲ್ಲ, ಎದುರುತ್ತರ ಇಲ್ಲ, ನೀರಿಗಂತ ಏಳೂದಿಲ್ಲ, ಕೆಮ್ಮೂದೂ ಇಲ್ಲ! ಏ, ನೀವೆಲ್ಲಾರೂ ಈಕಿನ್ನ ನೋಡಿ ಕಲೀರಿ!”

“ಕಲೀತೇವ್ರಿ,” ಎಂದಳು ಹಾಜರಾಬಿ, ಬಹಳ ವಿನಯದಿಂದ.

ಸಾವಕಾರರು ಬಗ್ಗಿ, ರುಕ್ಮವ್ವನ ಹೆಗಲಿನಿಂದಲೇ, ಸೀರೆಯಾಚೆ ಇಣುಕಿದ್ದ ಒಂದು ಹಿಡಿ ಅರಳೆ ಕಿತ್ತು ಕಣ್ಣಿಗೆ ಹಿಡಿದರು. ಎದುರುತ್ತರವಿಲ್ಲದ ಅರಳೆಯಲ್ಲಿ ಅವರಿಗೆ ಕಸವೂ ಕಾಣಲಿಲ್ಲ. “ಹಾಲು! ಬರೇ ಹಾಲು! ಇಂಥಾಕಿನ್ನ ಬಿಡ್ತೇನೇನು? ಈಕಿ ಜೀವ ಇರೂತನಕ ಈ ಜಾಗಾ ಈಕಿದಽ. ನನ್ನ ಮಾತಿಗೆ ನೀವಽ ಸಾಕ್ಷಿ.”

ಹೀಗೆ ಕಣ್ಣು ಮಂಜಾದವರ ಬಾಯಿಂದಲೇ ರುಕ್ಮವ್ವನ ಜಾಗ ಮಂಜೂರಾಯಿತು. ಶಾಂತಯ್ಯ ಬುಟ್ಟಿಯನ್ನು ನೋಡಿದ, ಸಾವಕಾರರನ್ನು ನೋಡಿದ, ರುಮಾಲಿನ ತುದಿಯನ್ನು ಬಾಯಿಗೆ ಒತ್ತಿ ಕೇಳಿದ:

“ಈಕಿ ಹೆಸರು ಏನಂದ್ರಿ?”

“ರುಕ್ಮವ್ವ.”

“ಏನ್ರಿ ಸಾವ್ಕಾರ್ರ, ಕರದ್ರೇನು?” ಎಂದಿತು ಬೆನ್ನ ಹಿಂದಿನ ದನಿ.

ಸಾವಕಾರರು ತಿರುಗಿದರು. ಬಾಗಿಲಲ್ಲಿ ಒಂದು ಮಸಕು ಆಕಾರ. ಮತ್ತೆ ಇತ್ತ ತಿರುಗಿದರು. ಕಂಬದ ಪಕ್ಕದಲ್ಲಿ ಇನ್ನೊಂದು. ಕೈ ಚಾಚಿ ಇದರ ತಲೆ ಮುಟ್ಟಿದರು. ಬೆರಳಿಗೆ ಬಿದಿರಿನ ಹೆಣಿಗೆ ಸಿಕ್ಕಿತು. ತಲೆ ಉರುಳಿ ಅವರ ಕಾಲ ಮೇಲೆ ಬಿತ್ತು.

ಹತ್ತು ಹೆಂಗಸರ ನಗು ಒಮ್ಮೆಲೇ ಕಟ್ಟೊಡೆಯಿತು. ಶಾಂತಯ್ಯನ ರುಮಾಲಿನ ಒಳಗಿಂದಲೂ ಒಂದು ಕುಂಯ್ ಎಂಬ ಸದ್ದು ಬಂತು. ರುಕ್ಮವ್ವ ನಡೆದು ಬಂದು, ಬುಟ್ಟಿ ಸರಿಸಿ, ಯಾರ ಅಪ್ಪಣೆಯನ್ನೂ ಕೇಳದೆ ತನ್ನ ಜಾಗದಲ್ಲಿ ಕೂತಳು. ಈ ಸಲ ಮೂಗು ಬಾಯಿಗೆ ಸೆರಗು ಕಟ್ಟಲಿಲ್ಲ.

“ಕಸ ಇಲ್ಲ ಅಂತ ನೀವಽ ಅಂದ್ರಿ. ಜಾಗಾನೂ ನೀವಽ ಕೊಟ್ರಿ,” ಎಂದಳು ಮೆಲ್ಲಗೆ. “ಈಗರ ಡಾಕ್ಟರ ಹಂತೇಕ ಹೋಗ್ರಿ. ಕಾಲಿಗೆ ಬರೂದ್ರಾಗ ಹೋಗ್ರಿ.”

ಸಾವಕಾರರು ಕೈ ಎತ್ತಿದರು, ಹೊಡೆಯಲಿಕ್ಕೇ. ಆದರೆ ಪಕ್ಕದಲ್ಲಿ ಶಾಂತಯ್ಯ ನಗು ನಿಲ್ಲಿಸಿದ್ದ. ಅರಳೆ ನೋಡಲು ಬಂದವನು ಈಗ ಅರಳೆ ಬಿಟ್ಟು ಸಾವಕಾರರ ಕಣ್ಣನ್ನೇ, ಎಡದ್ದನ್ನೊಮ್ಮೆ ಬಲದ್ದನ್ನೊಮ್ಮೆ, ದರ ಕಟ್ಟುವವನಂತೆ ನೋಡುತ್ತಿದ್ದ. ಆ ನೋಟ ಅವರಿಗೆ ಕಾಣದಿದ್ದರೂ ಆ ಮೌನ ಚೆನ್ನಾಗಿ ಕೇಳಿಸಿತು.

ಎತ್ತಿದ ಕೈ ಹೊಟ್ಟೆಯ ಮೇಲೆ ಇಳಿಯಿತು. ಸಾವಕಾರರು ನಕ್ಕರು.

“ನನಗ ಗೊತ್ತಿತ್ತು! ಬಂದ ಕೂಡ್ಲೆ ಗೊತ್ತಾತು, ಬುಟ್ಟಿ ಅಂತ! ಹೆಂಗಸ್ರು ನಕ್ಕೊಂಡಿರಲಿ ಅಂತ ನಾನಽ ಸುಮ್ನ… ಬುಟ್ಟೀರಿ ಶಾಂತಯ್ಯನವರ, ಬುಟ್ಟಿ! ಹೊಹೊಹೋ!”

ಹೆಂಗಸರ ನಗು ಒಂದೊಂದಾಗಿ ನಿಂತಿತು. ರುಕ್ಮವ್ವ ಅರಳೆ ಆರಿಸತೊಡಗಿದಳು. ಸಾವಕಾರರು ಹಾಗೆಯೇ ನಗುತ್ತ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತ, ಬಾಗಿಲು ಇರಬೇಕಾದ ಕಡೆ ಕೈ ಚಾಚಿಕೊಂಡು ನಡೆದರು. ಮೊದಲ ಸಲ ಕೈಗೆ ಗೋಡೆ ಸಿಕ್ಕಿತು. ಅದಕ್ಕೂ ನಕ್ಕರು, ಎಲ್ಲರಿಗಿಂತ ಜೋರಾಗಿ.