ಗುರ್ಕಾರರ ಅಟ್ಟದ ಜುದಾಸ

ನಾನು ಒಂದು ಮರದ ತಲೆ. ನನಗೆ ಮೈ ಇಲ್ಲ. ವರ್ಷಕ್ಕೊಮ್ಮೆ, ಈಸ್ಟರ್ ಹಬ್ಬದ ಹಿಂದಿನ ದಿನ, ಹುಲ್ಲು ತುರುಕಿದ ಒಂದು ಮೈ ಸಿಗುತ್ತಿತ್ತು. ಸಂಜೆಯಾಗುತ್ತಲೇ ಅದನ್ನು ಸುಟ್ಟುಬಿಡುತ್ತಿದ್ದರು.

ನನ್ನನ್ನು ಕೆತ್ತಿದವನು ಶೀನ ಆಚಾರಿ. ಭೂತದ ಮೊಗಗಳನ್ನು ಕೆತ್ತಿ ಹೆಸರಾದವನು. ಕಡಲ ಕರೆಯ ಇಗರ್ಜಿಯ ಗುರ್ಕಾರ, ಅಂದರೆ ಕೇರಿಯ ಕ್ರೈಸ್ತರ ಹಿರಿಯ, ಇಜಿದೋರ್ ಅವನಿಗೆ ಹಲಸಿನ ಕೊರಡು ಕೊಟ್ಟು, ಯೇಸುವನ್ನು ಹಿಡಿದುಕೊಟ್ಟ ಜುದಾಸನ ತಲೆ ಬೇಕೆಂದರು. ಆಚಾರಿ ತನಗೆ ಗೊತ್ತಿದ್ದ ಮನುಷ್ಯರ ಮುಖವನ್ನೇ ನನಗೆ ಕೊಟ್ಟ. ಗುರ್ಕಾರರಿಗೆ ಅದು ಹಿಡಿಸಲಿಲ್ಲ.

"ಇವನು ನಮ್ಮ ಪೈಕಿಯವನ ಹಾಗೆ ಕಾಣುತ್ತಾನೆ. ಮೂಗು ಕೊಕ್ಕೆಯ ಹಾಗಿರಲಿ. ಇವನು ಯೆಹೂದಿ."

ಉಳಿದ ಹನ್ನೊಂದು ಮಂದಿ ಶಿಷ್ಯರು ಯಾವ ಜಾತಿ ಎಂದು ಆಚಾರಿ ಕೇಳಿದ. ಮೂಗು ಕೆತ್ತುವ ಮೊದಲು ತಿಳಿದುಕೊಳ್ಳೋಣ ಎಂದು ಕೇಳಿದ್ದು, ಅಷ್ಟೇ.

"ಅವರು ನಮ್ಮವರು," ಎಂದರು ಗುರ್ಕಾರರು.

ಆಚಾರಿ ಮತ್ತೆ ಉಳಿ ಹಿಡಿದ. ಹಾಗೆ ನಾನು ಯೆಹೂದಿಯಾದೆ.

ಶನಿವಾರ ಮಧ್ಯಾಹ್ನ ಗುರ್ಕಾರರ ಮನೆಯ ಎದುರಿನ ಹುಣಸೆಮರಕ್ಕೆ ನನ್ನನ್ನು ನೇತುಹಾಕುತ್ತಿದ್ದರು. ಮೈಗೆ ಯಾರದೋ ಹಳೆ ಅಂಗಿ. ತೆಂಗಿನ ಕೊತ್ತಳಿಗೆ ಹಿಡಿದು ಮಕ್ಕಳು ಸಾಲಾಗಿ ಬಂದು ಹೊಡೆಯುತ್ತಿದ್ದರು. ಚಿಕ್ಕ ಮಗುವಿನ ಕೈ ಹಿಡಿದು, ಹೀಗೆ ಹೊಡಿ ಎಂದು ತಾಯಂದಿರೇ ಕಲಿಸುತ್ತಿದ್ದರು. ಅನ್ನ ಕಲಸಿ ತಿನ್ನಲು ಕಲಿಸುವಷ್ಟೇ ಅಕ್ಕರೆಯಿಂದ. ಕೆಳಗೆ ಬೆಂಕಿ ಹಚ್ಚುವ ಮುನ್ನ ತಲೆಯನ್ನು ಮಾತ್ರ ಕಳಚಿಕೊಳ್ಳುತ್ತಿದ್ದರು. ಒಳ್ಳೆಯ ಹಲಸು, ಸುಡುವುದು ಯಾಕೆ? ಆಮೇಲೆ ವರ್ಷವಿಡೀ ನಾನು ಗುರ್ಕಾರರ ಅಡುಗೆಮನೆಯ ಅಟ್ಟದಲ್ಲಿ. ಒಲೆಯ ಹೊಗೆಗೆ ಹುಳ ಹಿಡಿಯುತ್ತಿರಲಿಲ್ಲ. ಕೆಳಗಿನ ಹೆಂಗಸರ ಮಾತೆಲ್ಲ ನನ್ನ ಕಿವಿಗೇ.

ಆ ಮಾತಿನಲ್ಲಿ ಮಿಲ್ಕಾಬಾಯಿಯ ಹೆಸರು ಬರತೊಡಗಿದ್ದು ಅವಳು ಊರಿನ ಹೆರಿಗೆ ಆಸ್ಪತ್ರೆಗೆ ನರ್ಸ್ ಆಗಿ ಬಂದ ಮೇಲೆ. ಅಲಿಬಾಗದ ಕಡೆಯ ವಿಧವೆ. ಗುರ್ಕಾರರ ಹೆಂಡತಿ ಆಪೊಲಿನ್‌ಬಾಯಿಗೆ ಅವಳೆಂದರೆ ಬಹಳ ಮೆಚ್ಚು. ಶುಕ್ರವಾರ ಸಂಜೆ ತಲೆಗೆ ಸೆರಗು ಹೊದ್ದು ದೀಪ ಹಚ್ಚುತ್ತಾಳೆ, ಅದು ಸ್ವಾಮಿಯ ಶಿಲುಬೆಯ ನೆನಪಿಗೆ. ಶನಿವಾರ ಒಲೆ ಹಚ್ಚುವುದಿಲ್ಲ, ಅದು ಮರಿಯ ಮಾತೆಯ ದಿನ, ಹರಕೆ ಇರಬೇಕು. ಹಂದಿಮಾಂಸ, ಸಿಗಡಿ ಮುಟ್ಟುವುದಿಲ್ಲ, ಎಂಥ ತ್ಯಾಗ. ಭಾನುವಾರ ಪೂಜೆಗೆ ಕಾಣುವುದಿಲ್ಲ, ಪಾಪ, ಆಸ್ಪತ್ರೆಯ ಡ್ಯೂಟಿ. ಹೀಗೆ ಆಪೊಲಿನ್‌ಬಾಯಿ ಎಲ್ಲಕ್ಕೂ ತಾನೇ ಕಾರಣ ಹೊಸೆದು, ಅವಳನ್ನು ನೋಡಿ ಕಲಿಯಿರಿ ಎಂದು ಕೇರಿಗೆಲ್ಲ ಹೇಳಿಬಂದಳು. ಮಿಲ್ಕಾಬಾಯಿಯನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಅವಳು ಆ ಮನೆಗೆ ಬರುತ್ತಿದ್ದುದು ಸೊಸೆ ಸೆವೆರಿನ್‌ಳಿಗಾಗಿ. ಗಂಡ ಹಡಗಿನ ಕೆಲಸದಲ್ಲಿ ದೂರ. ಮೊದಲ ಮಗು ಹೊಟ್ಟೆಯಲ್ಲೇ ಹೋಗಿತ್ತು. ಈಗ ಮತ್ತೆ ದಿನ ತುಂಬುತ್ತಿತ್ತು. ಹುಡುಗಿ ರಾತ್ರಿ ಹಗಲು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಇರುತ್ತಿದ್ದಳು. ಮಿಲ್ಕಾಬಾಯಿ ಬಂದು ಕಿವಿಗೊಟ್ಟು ಆಲಿಸಿ, "ಮಗು ಇದೆ ಬಾಯೆ, ಒದೀತಿದೆ," ಎಂದಾಗ ಮಾತ್ರ ಉಸಿರು ಬಿಡುತ್ತಿದ್ದಳು.

ಪವಿತ್ರ ಗುರುವಾರ ನನ್ನನ್ನು ಅಟ್ಟದಿಂದ ಇಳಿಸಿ ಎಣ್ಣೆ ಒರೆಸುತ್ತಿದ್ದಾಗ ಮಿಲ್ಕಾಬಾಯಿ ಕಾಫಿ ಕುಡಿಯುತ್ತ ಕೂತಿದ್ದಳು. ಇದು ಯಾರು ಎಂದು ಕೇಳಿದಳು. ಸ್ವಾಮಿಯನ್ನು ಕೊಂದ ಯೆಹೂದಿ, ಶನಿವಾರ ನೀನೂ ಬಂದು ನಾಲ್ಕು ಬಾರಿಸು ಎಂದಳು ಆಪೊಲಿನ್‌ಬಾಯಿ, ನಗುತ್ತ.

ಮಿಲ್ಕಾಬಾಯಿ ಲೋಟ ಕೆಳಗಿಟ್ಟಳು.

"ನಾನೂ ಯೆಹೂದಿಯೇ, ಮಾಂಯ್."

ಒಲೆಯ ಮೇಲೆ ಹಾಲು ಉಕ್ಕಿತು. ಯಾರೂ ಇಳಿಸಲಿಲ್ಲ.

"ನೀವು ಜಪಮಣಿ ಹಿಡಿದು ಕರೆಯುವ ಆ ತಾಯಿ ನಮ್ಮ ಹೆಂಗಸು," ಎಂದಳು ಅವಳು, ಗೋಡೆಯ ಪಟ ನೋಡುತ್ತ. "ಮಗನಿಗೆ ಎಂಟನೆಯ ದಿನ ನಮ್ಮ ಪದ್ಧತಿಯಂತೆಯೇ ಹೆಸರಿಟ್ಟಳು. ಇವತ್ತು ನೀವು ನೆನೆಯುವ ಅವನ ಕೊನೆಯ ಊಟ ನಮ್ಮ ಹಬ್ಬದ ಊಟ. ನಮ್ಮ ಮನೆಗಳಲ್ಲಿ ಈಗಲೂ ಮಾಡುತ್ತೇವೆ."

"ನಮ್ಮ ಮಾತೆಯ ಹೆಸರು ನಿನ್ನ ಬಾಯಲ್ಲಿ ಬೇಡ," ಎಂದಳು ಆಪೊಲಿನ್‌ಬಾಯಿ.

ಅವಳು ಹೋದ ಮೇಲೆ ಆಪೊಲಿನ್‌ಬಾಯಿ ಆ ಲೋಟವನ್ನು ಹಿತ್ತಲಿಗೆ ಎಸೆದಳು, ಕೂತ ಮಣೆಯನ್ನು ಬೂದಿ ಹಾಕಿ ತಿಕ್ಕಿದಳು. ಅಷ್ಟು ದಿನ ಮೆಚ್ಚಿದ್ದಕ್ಕೆ ತನ್ನ ಮೇಲೆ ಬಂದ ಸಿಟ್ಟೂ ಆ ತಿಕ್ಕುವಿಕೆಯಲ್ಲಿತ್ತು. ಗುರ್ಕಾರರು ತೀರ್ಪು ಕೊಟ್ಟುಬಿಟ್ಟರು: ಆ ಕೈ ಈ ಮನೆಯ ಮಗುವನ್ನು ಮುಟ್ಟಕೂಡದು. ಸೆವೆರಿನ್ ಅತ್ತಳು. ಅವಳ ಅಳುವನ್ನು ಬಸುರಿಯ ಅಳು ಎಂದು ತಳ್ಳಿಹಾಕಿದರು.

ಆ ಶನಿವಾರ ನನಗೆ ಅಂಗಿ ಸಿಗಲಿಲ್ಲ. ಹುಲ್ಲಿನ ಮೈಗೆ ಬಿಳಿ ಸೀರೆ ಸುತ್ತಿದರು, ತಲೆಗೆ ಕಾಗದದ ನರ್ಸ್ ಟೋಪಿ ಅಂಟಿಸಿದರು. ಎಷ್ಟೋ ವರ್ಷ ಪೆಟ್ಟು ತಿಂದವನು ನಾನು. ಆದರೆ ಆ ದಿನದ ಪೆಟ್ಟುಗಳೇ ಬೇರೆ. ಹೊಡೆಯುವವರ ಕಣ್ಣೆದುರು ಈಗ ಗುರುತಿನ ಮುಖವಿತ್ತು. ಅವರ ಮಕ್ಕಳನ್ನು ಹೊರಜಗತ್ತಿನಲ್ಲಿ ಮೊದಲು ಎತ್ತಿಕೊಂಡಿದ್ದ ಕೈಗಳ ನೆನಪಿತ್ತು. ಆದರೂ ಹೊಡೆದರು. ಇನ್ನೂ ಜೋರಾಗಿ ಹೊಡೆದರು.

ಆ ಗದ್ದಲದ ನಡುವೆ ಮನೆಯೊಳಗಿಂದ ಸೆವೆರಿನ್ ಕೂಗು ಕೇಳಿತು. ನೋವು ಬೆಳಿಗ್ಗೆಯಿಂದಲೇ ಇತ್ತಂತೆ. ಮಗುವಿನ ಕಾಲು ಮುಂದಾಗಿತ್ತು. ಕರೆಸಿದ್ದ ಮುದುಕಿ ಸೂಲಗಿತ್ತಿ ಕೈಚೆಲ್ಲಿ ಹೊರಗೆ ಬಂದಳು. ಊರಿನ ಆಸ್ಪತ್ರೆಯಲ್ಲಿ ಇದ್ದವಳು ಮಿಲ್ಕಾಬಾಯಿ ಒಬ್ಬಳೇ, ಹೊಳೆ ದಾಟಿ ಪೇಟೆಗೆ ಒಯ್ಯಲು ಹೊತ್ತು ಮೀರಿತ್ತು. ಮಿಲ್ಕಾಬಾಯಿಯನ್ನು ಕರೆಯಿರಿ ಎಂದು ಸೆವೆರಿನ್ ಅರಚುತ್ತಿದ್ದಳು. ಯಾರೂ ಕದಲಲಿಲ್ಲ.

ಆ ಸೂಲಗಿತ್ತಿಯೇ ಹೋಗಿ ಹೇಳಿರಬೇಕು. ಮಿಲ್ಕಾಬಾಯಿ ಚೀಲ ಹಿಡಿದು ಬಂದಳು. ನನ್ನ ಕೆಳಗೆ ಬಂದಾಗ ತಲೆ ಎತ್ತಿ ಸೀರೆ ನೋಡಿದಳು, ಟೋಪಿ ನೋಡಿದಳು. ಒಬ್ಬ ಗಂಡಸು ಅವಳ ಮುಖ ನೋಡುತ್ತಲೇ ನನಗೊಂದು ಬಾರಿಸಿ, ಇದು ನಿನಗೆ ಎಂದ. ಅವಳು ನಿಲ್ಲಲಿಲ್ಲ.

ಜಗಲಿಯಲ್ಲಿ ಗುರ್ಕಾರರು ಅಡ್ಡ ನಿಂತಿದ್ದರು. ಹಿಂದಿನಿಂದ ಆಪೊಲಿನ್‌ಬಾಯಿ ಹಂಗಿಸಿದಳು, "ಇವತ್ತು ನಿಮ್ಮವರು ಕೆಲಸ ಮುಟ್ಟದ ಶನಿವಾರವಲ್ಲ? ನಿನ್ನ ದೇವರು ಕೆಲಸಕ್ಕೆ ಬಿಟ್ಟನಾ?"

"ಜೀವ ಹೋಗುವ ಹೊತ್ತಿಗೆ ನಮ್ಮಲ್ಲಿ ಶನಿವಾರ ಇಲ್ಲ, ಮಾಂಯ್." ಆಮೇಲೆ ಗುರ್ಕಾರರ ಕಡೆ ತಿರುಗಿದಳು. "ಯಾರನ್ನು ದ್ವೇಷಿಸಬೇಕು ಅಂತ ಮಗುವಿಗೆ ಆಮೇಲೆ ಕಲಿಸಿ. ಮೊದಲು ಅದು ಹೊರಗೆ ಬರಲಿ. ದಾರಿ ಬಿಡಿ."

ಅವರು ಬಿಡಲಿಲ್ಲ. ಒಳಗಿನಿಂದ ಸೆವೆರಿನ್ ಬಾಗಿಲವರೆಗೆ ತೆವಳಿಕೊಂಡು ಬಂದು ಮಾವನ ಕಾಲು ಹಿಡಿದು ಪಕ್ಕಕ್ಕೆ ಎಳೆದಳು. ಆ ಎಳೆತಕ್ಕೆ ಅವರು ಬದಿಗೆ ಸರಿದರು.

ಹೆಣ್ಣುಮಗು. ಮೊದಲು ಅಳಲಿಲ್ಲ, ಆಮೇಲೆ ಅತ್ತಿತು. ಆ ಅಳು ನನಗೂ ಕೇಳಿತು. ಗುರ್ಕಾರರು ಮೊಣಕಾಲೂರಿ ಮರಿಯ ಮಾತೆಗೆ ಸ್ತೋತ್ರ ಹೇಳಿದರು. ಪವಾಡ ಎಂದರು. ಮಿಲ್ಕಾಬಾಯಿ ಹಿತ್ತಲ ಬಾವಿಯಲ್ಲಿ ಕೈ ತೊಳೆಯಲು ಹೋದಾಗ ಆಪೊಲಿನ್‌ಬಾಯಿ ಕೊಡಪಾನ ಒಳಗೆ ತೆಗೆದಿಟ್ಟಳಂತೆ. ಅವಳು ರಕ್ತದ ಕೈಯಲ್ಲೇ ನನ್ನ ಕೆಳಗಿನಿಂದ ಹಾದುಹೋದಳು. ಸಂಜೆ ಆ ಬಿಳಿ ಸೀರೆಯ ಮೈಯನ್ನು ಎಂದಿನಂತೆಯೇ ಸುಟ್ಟರು.

ಮಳೆಗಾಲಕ್ಕೆ ಮೊದಲೇ ಅವಳು ವರ್ಗ ಕೇಳಿಕೊಂಡು ಹೊರಟುಹೋದಳು. ಮಗುವಿನ ನಾಮಕರಣಕ್ಕೆ ಕೇರಿಯೆಲ್ಲ ಉಂಡಿತು. ಅವಳಿಗೆ ಕರೆ ಹೋಗಲಿಲ್ಲ.

ಮುಂದಿನ ವರ್ಷ ನನ್ನನ್ನು ಇಳಿಸುವ ದಿನ ಬರುವ ಮೊದಲೇ ಸೆವೆರಿನ್ ಅಟ್ಟ ಹತ್ತಿದಳು. ನನ್ನನ್ನು ಸೆರಗಿನಲ್ಲಿ ಸುತ್ತಿ ಬಚ್ಚಲುಮನೆಯ ಸೌದೆಯ ಹಿಂದೆ, ಗೋಡೆಯ ಮೂಲೆಗೆ ಸೇರಿಸಿದಳು. ಸುಡಲಿಲ್ಲ. ಸುಡುವುದು ಅವರ ಕೆಲಸ. ಗುರ್ಕಾರರು ಹುಡುಕಿದರು, ಬೈದರು, ಕೊನೆಗೆ ಬೇರೊಂದು ತಲೆ ಮಾಡಿಸಿದರು. ತಲೆಗೇನು ಬರ?

ಈಗ ನಾನು ಮುದುಕ. ಗೆದ್ದಲು ಗಡ್ಡ ತಿಂದು ಗಲ್ಲಕ್ಕೆ ಬಂದಿದೆ. ನಾನು ಪೆಟ್ಟು ತಿಂದರೆ ಅವರ ಸಿಟ್ಟು ತೀರುತ್ತದೆ ಎಂದುಕೊಂಡಿದ್ದೆ. ಸುಳ್ಳು. ಪ್ರತಿ ಪೆಟ್ಟೂ ಮುಂದಿನ ಪೆಟ್ಟಿಗೆ ಕೈ ಪಳಗಿಸುತ್ತಿತ್ತು, ಅಷ್ಟೇ. ಶನಿವಾರದ ಸದ್ದು ಇಲ್ಲಿಗೂ ಕೇಳುತ್ತದೆ. ಆ ಹೊತ್ತಿಗೆ ಸೆವೆರಿನ್ ಮಗಳನ್ನು ಬಚ್ಚಲಿಗೆ ಕರೆತಂದು, ಬಾಗಿಲು ಹಾಕಿ, ತಲೆಗೆ ಎಣ್ಣೆ ಹಚ್ಚುತ್ತ ಕೂರುತ್ತಾಳೆ. ಈ ಸಲ ಮಗಳು ಕೇಳಿದಳು, ಅಲ್ಲಿ ಯಾರನ್ನು ಹೊಡೀತಿದ್ದಾರೆ ಅಂತ.

ಸೆವೆರಿನ್ ಸಿಕ್ಕು ಬಿಡಿಸುತ್ತಲೇ ಹೇಳಿದಳು, "ನಿನ್ನನ್ನು ಹೊರಗೆ ತಂದವಳನ್ನು, ಬಾಯೆ."